ಹೊಸ ಟೈರು, ಹಳೆಯ ಕಾರ್ಟು

ಮನೆಗೆ ಹೊಸ ಸೊಸೆ ಬಂದಾಗ ಹೊಂದಿಕೊಳ್ಳಬೇಕಾದವಳು ಅವಳೊಬ್ಬಳೇ ಎಂಬುದು ಹಿಂದಿನವರ ನಂಬಿಕೆ. ಕಾರ್ಟ್ ಪಂದ್ಯದ ಅನುಭವಿಗಳು ಇದನ್ನು ಒಪ್ಪಲಾರರು. ಅಲ್ಲಿ ಹೊಸ ಟೈರು ಬಂದರೆ ಮನೆಮಂದಿಯೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಕೊಳವೆಗಳ ಚೌಕಟ್ಟಿಗೆ ಜೋಡಿಸಿ ಮೊದಲ ಕಾರ್ಟನ್ನು ನಿರ್ಮಿಸಿದ. ಇಂದಿನ ಪಂದ್ಯದ ಕಾರ್ಟಿಗೂ ಸ್ಪ್ರಿಂಗುಗಳಿಲ್ಲ. ಚೌಕಟ್ಟಿನ ಬಳುಕೇ ಆ ಕೆಲಸವನ್ನು ಮಾಡಬೇಕು. ಹಿಂದಿನ ಚಕ್ರಗಳೆರಡೂ ಒಂದೇ ಅಚ್ಚಿಗೆ ಬಿಗಿದುಕೊಂಡು ಸಮನಾಗಿ ತಿರುಗುತ್ತವೆ. ತಿರುವಿನಲ್ಲಾದರೋ ಹೊರಚಕ್ರ ಹೆಚ್ಚು ದೂರ ಸಾಗಬೇಕು, ಒಳಚಕ್ರ ಕಡಮೆ. ಈ ತೊಡಕಿಗೆ ಪರಿಹಾರ ಒಂದೇ: ಹಿಂದಿನ ಒಳಚಕ್ರ ಕ್ಷಣಕಾಲ ನೆಲದಿಂದ ತುಸು ಮೇಲೇಳಬೇಕು.

ಎಷ್ಟು ಏಳಬೇಕು ಎಂಬುದರಲ್ಲಿದೆ ಟೈರಿನ ಮಹಿಮೆ. ಅನೇಕ ಸ್ಪರ್ಧೆಗಳಲ್ಲಿ ಎಲ್ಲರೂ ಒಂದೇ ಬಗೆಯ ಟೈರನ್ನು ಬಳಸಬೇಕೆಂಬ ನಿಯಮವಿದೆ. ವ್ಯವಸ್ಥಾಪಕರು ಅದನ್ನು ಬದಲಿಸಿದೊಡನೆ ಹಳೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೊಸ ಟೈರು ಮೃದುವಾಗಿದ್ದು ನೆಲವನ್ನು ಬಲವಾಗಿ ಕಚ್ಚಿದರೆ ಒಳಚಕ್ರ ಮಿತಿಮೀರಿ ಏಳುತ್ತದೆ. ಕಾರ್ಟು ಕುಪ್ಪಳಿಸುತ್ತದೆ, ಚಾಲಕನ ಪಕ್ಕೆಲುಬುಗಳು ನೋಯುತ್ತವೆ. ಟೈರು ಗಡುಸಾಗಿದ್ದರೆ ಚಕ್ರ ಏಳುವುದೇ ಇಲ್ಲ. ತಿರುಗಬೇಕಾದ ಕಾರ್ಟು ಮೊಂಡು ಹಿಡಿದು ನೇರಕ್ಕೇ ಸಾಗುತ್ತದೆ. ಮಗ ಹಿಂದೆ ಬಿದ್ದನೆಂದು ಗಾಬರಿಗೊಂಡ ತಂದೆ ಹೊಸ ಎಂಜಿನ್ನಿಗೆ ಹಣ ಸುರಿಯುವುದು ಇಂಥ ಹೊತ್ತಿನಲ್ಲಿಯೇ.

ನಿಜವಾದ ಮದ್ದಿಗೆ ಸ್ಪ್ಯಾನರೊಂದಿದ್ದರೆ ಸಾಕು. ಹಿಡಿತ ಹೆಚ್ಚಾದಾಗ ಆಸನವನ್ನು ತುಸು ತಗ್ಗಿಸಿ, ಹಿಂದಿನ ಚಕ್ರಗಳ ನಡುವಣ ಅಂತರವನ್ನು ನಿಯಮದ ಮಿತಿಯೊಳಗೆ ಹಿಗ್ಗಿಸುವುದು ವಾಡಿಕೆ. ಹಿಡಿತ ಸಾಲದಿದ್ದರೆ ಇದರ ವಿಪರ್ಯಯ. ಗಾಳಿಯ ಒತ್ತಡವನ್ನಂತೂ ಮರೆಯಲಾಗದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಾಪಕ ಚದರ ಅಂಗುಲಕ್ಕೆ 10 ಪೌಂಡು ತೋರಿಸಿದರೆ, ಒಳಗಿನ ಗಾಳಿ 75 ಡಿಗ್ರಿಗೆ ಕಾದಾಗ ಅದು ಸುಮಾರು 14 ತೋರಿಸುತ್ತದೆ. ಆದುದರಿಂದ ಓಟ ಮುಗಿದೊಡನೆ, ಟೈರು ಆರುವ ಮುನ್ನವೇ ಅಳೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಚಾಲಕನ ಕೈಯೂ ಬದಲಾಗಬೇಕು. ಹಳೆಯ ಟೈರು ಸಹಿಸುತ್ತಿದ್ದ ಒರಟುತನವನ್ನು ಹೊಸದು ಸಹಿಸದಿರಬಹುದು. ಜಾರಿದಷ್ಟೂ ಅದು ಕಾಯುತ್ತದೆ, ಕಾದಷ್ಟೂ ಸೋಲುತ್ತದೆ.

ಜರ್ಮನಿಯ ಕೆರ್ಪನ್ ಊರಿನಲ್ಲಿ ಇಟ್ಟಿಗೆ ಕೆಲಸದ ಜೊತೆಗೆ ಕಾರ್ಟ್ ಪಥವನ್ನೂ ನೋಡಿಕೊಳ್ಳುತ್ತಿದ್ದ ತಂದೆಯೊಬ್ಬನಿಗೆ ಮಗನ ಹೊಸ ಟೈರುಗಳಿಗೆ ಹಣ ಹೊಂದಿಸುವುದು ಕಷ್ಟವಾಗಿತ್ತು. ಇತರರು ಬಿಸುಟ ಟೈರುಗಳನ್ನೇ ಹಾಕಿಕೊಂಡು ಆ ಬಾಲಕ ಓಡಿಸಿದ. ಸವೆದ ಟೈರು ಎಷ್ಟನ್ನು ತಾಳಬಲ್ಲುದೋ ಅಷ್ಟನ್ನೇ ಅದರಿಂದ ಬೇಡುವುದನ್ನು ಕಲಿತ. 1994ರಿಂದ 2004ರೊಳಗೆ ಏಳು ಬಾರಿ ಫಾರ್ಮುಲಾ ಒನ್ ವಿಶ್ವವಿಜೇತನಾದ ಮೈಕೇಲ್ ಶೂಮಾಕರನೇ ಆ ಬಾಲಕ.