ತೈಲೋದ್ಯಮದ ಹೊಗೆಯೂ ಸರ್ಕಾರದ ಸಹಾಯಧನವೂ

ಕಲ್ಲೆಣ್ಣೆಯನ್ನು ನೆಲದಿಂದ ಮೇಲೆತ್ತಿ, ಶುದ್ಧಗೊಳಿಸಿ, ಮಾರಾಟಕ್ಕೆ ಅಣಿಮಾಡುವ ಕೆಲಸದಲ್ಲಿಯೇ ಅಪಾರವಾದ ಇಂಗಾಲಾಮ್ಲ ವಾಯು ಹೊರಬೀಳುತ್ತದೆ. ಪಾಠಪುಸ್ತಕಗಳಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಈ ವಾಯುವನ್ನು ಕಾರ್ಖಾನೆಯಲ್ಲಿಯೇ ಹಿಡಿದು ಭೂಗರ್ಭದಲ್ಲಿ ಹೂಳುವ ವಿದ್ಯೆ ಇಂದು ಮಾನವನಿಗೆ ಕೈವಶವಾಗಿದೆ. ಆದರೆ ಅದರ ಖರ್ಚನ್ನು ಹೊರತಕ್ಕವರು ಯಾರು? ತೈಲ ಕಂಪೆನಿಗಳು ಸರ್ಕಾರದತ್ತ ಕೈಯೊಡ್ಡಿವೆ. ಕೆಲವು ಸರ್ಕಾರಗಳು ಧಾರಾಳವಾಗಿ ಕೊಡುತ್ತಲೂ ಇವೆ. ಹೀಗೆ ಕೊಡುವ ಕ್ರಮದಲ್ಲಿ ದೊಡ್ಡದೊಂದು ದೋಷವಿದೆಯೆಂದು ನಮಗೆ ತೋರುತ್ತದೆ.

ಸಹಾಯಧನದ ಆಸೆಯಿಲ್ಲದೆ ನಡೆದ ಕೆಲಸವೊಂದನ್ನು ಮೊದಲು ನೋಡೋಣ. ನಾರ್ವೆ ದೇಶಕ್ಕೆ ಸೇರಿದ ಉತ್ತರ ಸಮುದ್ರದಲ್ಲಿ ಸ್ಲೈಪ್ನರ್ ಎಂಬ ಅನಿಲಕ್ಷೇತ್ರವುಂಟು. ಅಲ್ಲಿಯ ಅನಿಲದಲ್ಲಿ ನೂರಕ್ಕೆ ಸುಮಾರು 9 ಪಾಲು ಇಂಗಾಲಾಮ್ಲ ವಾಯುವೇ. ಕೊಳ್ಳುವವರು 2.5 ಪಾಲಿಗಿಂತ ಹೆಚ್ಚನ್ನು ಒಪ್ಪರಾದ್ದರಿಂದ ಅದನ್ನು ಬೇರ್ಪಡಿಸುವುದು ಅನಿವಾರ್ಯವಾಗಿತ್ತು. ಬೇರ್ಪಡಿಸಿದ್ದನ್ನು ಗಾಳಿಗೆ ಬಿಟ್ಟಿದ್ದರೆ ಕಂಪೆನಿಗೆ ಕಾಸೂ ಖರ್ಚಾಗುತ್ತಿರಲಿಲ್ಲ. ಆದರೆ ನಾರ್ವೆ ಸರ್ಕಾರ 1991ರಲ್ಲಿಯೇ ಆ ವಾಯುವಿನ ಮೇಲೆ ತೆರಿಗೆ ಹಾಕಿತ್ತು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದೇ ಲೇಸೆಂದು ಕಂಡ ಕಂಪೆನಿ 1996ರಿಂದ ಅದನ್ನು ಸಮುದ್ರತಳದಿಂದ 800-1000 ಮೀಟರು ಆಳದ ಮರಳುಶಿಲೆಗೆ ಒತ್ತಡದಿಂದ ತುಂಬತೊಡಗಿತು. ಆರಂಭದ ಅನೇಕ ವರ್ಷಗಳವರೆಗೆ ವರ್ಷಕ್ಕೆ ಸುಮಾರು 10 ಲಕ್ಷ ಟನ್ನು. ಅಷ್ಟು ಆಳದ ಒತ್ತಡದಲ್ಲಿ ವಾಯುವು ದ್ರವದಂತೆ ಸಾಂದ್ರವಾಗಿ, ಉಪ್ಪುನೀರು ತುಂಬಿದ ಶಿಲಾರಂಧ್ರಗಳಲ್ಲಿ ಸೇರಿಕೊಳ್ಳುತ್ತದೆ. ಮೇಲಿನ ಜೇಡಿಶಿಲೆಯ ಪದರ ಅದಕ್ಕೆ ಮುಚ್ಚಳ. ಶಬ್ದತರಂಗಗಳನ್ನು ಕೆಳಕ್ಕೆ ಕಳಿಸಿ, ಪ್ರತಿಧ್ವನಿಯಿಂದ ಅದು ಎಲ್ಲಿ ಹರಡಿದೆಯೆಂದು ವಿಜ್ಞಾನಿಗಳು ನಕ್ಷೆ ತೆಗೆದಿದ್ದಾರೆ.

ಇನ್ನು ಕೆನಡಾ. ಆಲ್ಬರ್ಟಾ ಪ್ರಾಂತದ ಎಡ್ಮಂಟನ್ ನಗರದ ಬಳಿ ಶೆಲ್ ಕಂಪೆನಿಯವರು 2015ರಲ್ಲಿ ಕ್ವೆಸ್ಟ್ ಎಂಬ ಸ್ಥಾವರವನ್ನು ಆರಂಭಿಸಿದರು. ಟಾರಿನಂಥ ತೈಲವನ್ನು ತೆಳುಗೊಳಿಸಲು ಜಲಜನಕ ಬೇಕು. ಅದನ್ನು ತಯಾರಿಸುವಾಗ ಹುಟ್ಟುವ ಇಂಗಾಲಾಮ್ಲ ವಾಯುವನ್ನು ಇಲ್ಲಿ ಹಿಡಿಯುತ್ತಾರೆ. ಇದೂ ವರ್ಷಕ್ಕೆ ಸುಮಾರು 10 ಲಕ್ಷ ಟನ್ನು. ಯೋಜನೆಯ ಅಂದಾಜು ವೆಚ್ಚ 135 ಕೋಟಿ ಕೆನಡಾ ಡಾಲರು. ಅದರಲ್ಲಿ 74.5 ಕೋಟಿಯನ್ನು ಪ್ರಾಂತ ಸರ್ಕಾರವೂ 12 ಕೋಟಿಯನ್ನು ಕೇಂದ್ರ ಸರ್ಕಾರವೂ ಕೊಟ್ಟವು. ಸಾಲದೆಂಬಂತೆ, ಕೆಲವು ವರ್ಷಗಳ ಕಾಲ ಆಲ್ಬರ್ಟಾ ಸರ್ಕಾರ ಒಂದು ಟನ್ನು ಹೂತದ್ದಕ್ಕೆ ಎರಡು ಟನ್ನು ಹೂತಂತೆ ಜಮೆ ಬರೆದುಕೊಟ್ಟಿತು! ನಮ್ಮ ಅಂಗಡಿಯವರಾರೂ ಇಂಥ ಲೆಕ್ಕವನ್ನು ಒಪ್ಪಲಾರರು.

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸ್ಲೈಪ್ನರಿನಲ್ಲಿ ಬೇರ್ಪಡಿಸುವ ಖರ್ಚು ಹೇಗೂ ಇದ್ದದ್ದೇ. ಕ್ವೆಸ್ಟಿನಲ್ಲಿ ಅದು ಹೊಸ ಖರ್ಚು. ಮೊದಲ ಸ್ಥಾವರ ಕಟ್ಟುವವನು ಕಲಿತದ್ದು ಮುಂದಿನವರೆಲ್ಲರಿಗೂ ಉಪಯೋಗವಾಗುವುದಾದರೆ, ಆ ಕಲಿಕೆಗೆ ಸಾರ್ವಜನಿಕ ಹಣ ಕೊಡುವುದು ತಪ್ಪಲ್ಲ. ಕ್ವೆಸ್ಟಿನ ವಾರ್ಷಿಕ ವರದಿಗಳು ಪ್ರಕಟವಾಗಿವೆ ಎಂಬುದನ್ನೂ ನಾವು ಮರೆಯಲಾಗದು. ನಮ್ಮ ಆಕ್ಷೇಪಣೆ ಇರುವುದು, ಕಲಿಕೆಯ ಕಾಲ ಮುಗಿದ ಮೇಲೂ ಟನ್ನಿಗಿಷ್ಟೆಂದು ಕೊಡುತ್ತಲೇ ಹೋಗುವ ಪದ್ಧತಿಯ ಬಗ್ಗೆ.

ಈ ಪದ್ಧತಿ ಅಮೆರಿಕದಲ್ಲಿ ಪೂರ್ಣಾವತಾರ ತಳೆದಿದೆ. ಅಲ್ಲಿ 2008ರ ಕಾಯಿದೆಯೊಂದು, ಶಾಶ್ವತವಾಗಿ ಹೂತ ಪ್ರತಿ ಟನ್ನಿಗೆ 20 ಡಾಲರು ತೆರಿಗೆ ವಿನಾಯಿತಿ ಕೊಟ್ಟಿತು. ಹಳೆಯ ಬಾವಿಯೊಳಕ್ಕೆ ಅದೇ ವಾಯುವನ್ನು ನುಗ್ಗಿಸಿ, ಬಂಡೆಗೆ ಅಂಟಿ ಉಳಿದ ತೈಲವನ್ನು ಹೊರಡಿಸಿದರೆ 10 ಡಾಲರು. ಟೆಕ್ಸಾಸಿನಲ್ಲಿ 1972ರಿಂದಲೂ ಲಾಭಕ್ಕಾಗಿಯೇ ನಡೆದುಬಂದ ಕೆಲಸವಿದು. 2022ರಲ್ಲಿ ಈ ದರಗಳು 85 ಮತ್ತು 60 ಡಾಲರುಗಳಿಗೆ ಏರಿದವು. 2025ರ ಜುಲೈ ತಿಂಗಳ ಕಾಯಿದೆಯಾದರೋ, ಹೊಸ ಸ್ಥಾವರಗಳ ಮಟ್ಟಿಗೆ ಭೇದವನ್ನೇ ಅಳಿಸಿಬಿಟ್ಟಿತು: ಸುಮ್ಮನೆ ಹೂತರೂ 85, ತೈಲ ತೆಗೆಯಲು ಬಳಸಿದರೂ 85.

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲು ಹಿಡಿಯಬಹುದು. ಹೀಗೆ ಒಂದು ಪೀಪಾಯಿ ತೈಲ ಹೊರಡಿಸಲು ಸಾಮಾನ್ಯವಾಗಿ 300ರಿಂದ 600 ಕಿಲೋಗ್ರಾಂ ಇಂಗಾಲಾಮ್ಲ ವಾಯು ಬೇಕು. ಒಂದು ಪೀಪಾಯಿ ತೈಲ ಉರಿದಾಗ ಸುಮಾರು 430 ಕಿಲೋಗ್ರಾಂ ಹುಟ್ಟುತ್ತದೆ. ಹೂತದ್ದರ ಬಹುಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ವಾಹನಗಳ ಹೊಗೆಯಾಗಿ ಮರಳಿ ಆಕಾಶಕ್ಕೇರಿತು. ಈ ತೈಲ ಬಾರದಿದ್ದರೆ ಜನ ಬೇರೆಡೆಯ ತೈಲವನ್ನು ಉರಿಸುತ್ತಿದ್ದರಲ್ಲವೆ ಎಂದು ಕಂಪೆನಿಗಳು ವಾದಿಸುತ್ತವೆ. ಈ ವಾದ ಪೂರ್ತಿ ಪೊಳ್ಳಲ್ಲ. ಆದರೆ ತೈಲ ಹೆಚ್ಚಿದಷ್ಟೂ ಬೆಲೆಯಿಳಿದು ಬಳಕೆ ಬೆಳೆಯುವುದನ್ನು ಅದು ಮರೆಮಾಚುತ್ತದೆ.

ತೈಲ ತೆಗೆಯುವವನಿಗೆ ತೈಲ ಮಾರಿದ ಹಣ ಹೇಗೂ ಉಂಟು. ಬರಿದೆ ಹೂಳುವವನಿಗೆ ಸಹಾಯಧನವೊಂದೇ ಆದಾಯ. ಇಬ್ಬರಿಗೂ ಒಂದೇ ದರ ಕೊಟ್ಟರೆ ವಾಯು ಯಾವ ಬಾವಿಯತ್ತ ಹರಿಯುವುದೆಂದು ಊಹಿಸುವುದು ಕಷ್ಟವಲ್ಲ. ಹಿಂದಿದ್ದ 25 ಡಾಲರಿನ ಅಂತರವನ್ನು ಅಮೆರಿಕದ ಶಾಸನಸಭೆ ಮರಳಿ ತರಬೇಕು. ಜೊತೆಗೆ ನಾರ್ವೆಯಂತೆ ಗಾಳಿಗೆ ಬಿಟ್ಟ ಟನ್ನಿನ ಮೇಲೆ ತೆರಿಗೆಯನ್ನೂ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.