ಕಿಡ್ನಿ ಕಲ್ಲು ಔಷಧಿಯಿಂದ ಕರಗುತ್ತದೆಯೇ? ಅದು ಯಾವ ಕಲ್ಲು ಎಂಬುದರ ಮೇಲಿದೆ ಉತ್ತರ

"ಆಪರೇಷನ್ ಇಲ್ಲದೆ ಕಿಡ್ನಿ ಕಲ್ಲು ಕರಗಿಸುತ್ತೇವೆ" ಎಂಬ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಕಾಡುಬಸಳೆ ಎಲೆ, ಕೆಲವರ ಪ್ರಕಾರ ಬಿಯರ್ ಕೂಡ ಇದಕ್ಕೆ ಮದ್ದು. ಪ್ರತಿಯೊಂದಕ್ಕೂ "ನಮ್ಮ ಮಾವನಿಗೆ ಇದರಿಂದಲೇ ಹೋಯಿತು" ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಕಲ್ಲು ಹೋಗಿರುವುದು ನಿಜವೇ ಇರಬಹುದು. ಆದರೆ ಅದು ಕರಗಿ ಹೋಯಿತೇ ಅಥವಾ ತಾನಾಗಿಯೇ ಜಾರಿ ಹೋಯಿತೇ?

ನಾವು ಕಿಡ್ನಿ ಕಲ್ಲು ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ರಾಸಾಯನಿಕವಾಗಿ ನಾಲ್ಕೈದು ಬಗೆಗಳಿವೆ. ಹತ್ತರಲ್ಲಿ ಏಳೆಂಟು ಕಲ್ಲುಗಳು ಕ್ಯಾಲ್ಸಿಯಂನವು, ಅದರಲ್ಲೂ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಇವನ್ನು ದೇಹದೊಳಗೇ ಕರಗಿಸುವ ಔಷಧಿ ಇಂದಿಗೂ ಇಲ್ಲ. ಪ್ರಯೋಗಾಲಯದಲ್ಲಿ ಪ್ರಬಲ ಆಮ್ಲ ಹಾಕಿ ಕರಗಿಸಬಹುದು, ಆದರೆ ಅಂಥ ಆಮ್ಲ ಕಿಡ್ನಿಯನ್ನೂ ಉಳಿಸುವುದಿಲ್ಲ.

ನಿಜವಾಗಿ ಕರಗುವುದು ಯೂರಿಕ್ ಆಮ್ಲದ ಕಲ್ಲು. ಇದು ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಮಧುಮೇಹ, ಬೊಜ್ಜು, ಗೌಟ್ ಇರುವವರಲ್ಲಿ ಹೆಚ್ಚು. ಇವರ ಮೂತ್ರ ಸಾಮಾನ್ಯವಾಗಿ ತೀರಾ ಆಮ್ಲೀಯವಾಗಿರುತ್ತದೆ. ಅಂದರೆ ಪಿಎಚ್ 5.5ಕ್ಕಿಂತ ಕೆಳಗೆ. ಆ ಸ್ಥಿತಿಯಲ್ಲಿ ಯೂರಿಕ್ ಆಮ್ಲ ಕರಗದೆ ಹರಳುಗಟ್ಟುತ್ತದೆ. ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿ ಕೊಟ್ಟು ಪಿಎಚ್ ಅನ್ನು 6.5ರಿಂದ 7ರ ನಡುವೆ ಇಟ್ಟರೆ ಅದೇ ವಸ್ತು ಹಲವು ಪಟ್ಟು ಹೆಚ್ಚು ಕರಗುತ್ತದೆ. ಆಗ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಕಲ್ಲು ಸವೆಯುತ್ತಾ ಬರುತ್ತದೆ. ಒಂದು ವಿಶೇಷವೆಂದರೆ ಈ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ವೈದ್ಯರಿಗೆ ಅದೇ ಒಂದು ಸುಳಿವು. ಹಾಗೆಂದು ಅಂಗಡಿಯಿಂದ ತಂದು ಕುಡಿಯುವ ಔಷಧಿ ಇದಲ್ಲ. ಪಿಎಚ್ 7 ದಾಟಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಕಟ್ಟಬಹುದು. ಕಿಡ್ನಿ ದುರ್ಬಲವಾಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ.

ಕಲ್ಲನ್ನು ಕರಗಿಸುವ ಆಸೆ ಹಳೆಯದು. 18ನೇ ಶತಮಾನದಲ್ಲಿ ಜೋವಾನಾ ಸ್ಟೀಫನ್ಸ್ ಎಂಬ ಮಹಿಳೆಯ ಗುಟ್ಟಿನ ಔಷಧಿಗೆ ಬ್ರಿಟನ್ ಸಂಸತ್ತು 5,000 ಪೌಂಡ್ ಕೊಟ್ಟಿತ್ತು. 1739ರಲ್ಲಿ ಗುಟ್ಟು ಬಯಲಾದಾಗ ಅದರಲ್ಲಿದ್ದದ್ದು ಸುಟ್ಟ ಮೊಟ್ಟೆ ಚಿಪ್ಪು, ಬಸವನಹುಳು, ಸಾಬೂನು ಮತ್ತು ಒಂದಷ್ಟು ಸೊಪ್ಪು! ನಗು ಬರಬಹುದು. ಆದರೆ ಆಗ ಅರಿವಳಿಕೆ ಇರಲಿಲ್ಲ, ಪ್ರಜ್ಞೆ ಇರುವಾಗಲೇ ಕೊಯ್ದು ಮೂತ್ರಕೋಶದ ಕಲ್ಲು ತೆಗೆಯುತ್ತಿದ್ದರು. ಅದರ ಮುಂದೆ ಸಾಬೂನು ನುಂಗುವುದು ಯಾರಿಗಾದರೂ ವಾಸಿ ಎನಿಸುತ್ತಿತ್ತು. ಮೊಟ್ಟೆ ಚಿಪ್ಪಿನ ಸುಣ್ಣ, ಸಾಬೂನು ಎರಡೂ ಕ್ಷಾರಗಳು ಎಂಬುದನ್ನೂ ಗಮನಿಸಿ.

ಹಾಗಾದರೆ ಉಳಿದ ಅಷ್ಟೊಂದು ಜನರ ಅನುಭವ? ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ. ಮೂತ್ರನಾಳದಲ್ಲಿ 10 ಮಿಲಿಮೀಟರ್‌ವರೆಗಿನ ಕಲ್ಲಿದ್ದ 1,100ಕ್ಕೂ ಹೆಚ್ಚು ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಟ್ಯಾಮ್ಸುಲೋಸಿನ್, ಇನ್ನೊಂದಕ್ಕೆ ನಿಫೆಡಿಪಿನ್, ಮೂರನೆಯದಕ್ಕೆ ಔಷಧಿಯೇ ಇಲ್ಲದ ತೋರಿಕೆಯ ಗುಳಿಗೆ. ನಾಲ್ಕು ವಾರಗಳಲ್ಲಿ ಬೇರೆ ಚಿಕಿತ್ಸೆ ಬೇಕಾಗದವರು ಕ್ರಮವಾಗಿ ಶೇ. 81, ಶೇ. 80 ಮತ್ತು ಶೇ. 80! ತೋರಿಕೆಯ ಗುಳಿಗೆಯ ಜಾಗದಲ್ಲಿ ಬಾಳೆದಿಂಡಿನ ರಸವನ್ನು ಇಟ್ಟು ನೋಡಿ. ಐವರಲ್ಲಿ ನಾಲ್ವರು "ರಸದಿಂದಲೇ ಹೋಯಿತು" ಎಂದು ಊರಿಗೆಲ್ಲ ಹೇಳುತ್ತಿದ್ದರು. ಅಂದ ಹಾಗೆ, ಟ್ಯಾಮ್ಸುಲೋಸಿನ್ ಕೂಡ ಕಲ್ಲು ಕರಗಿಸುವ ಮಾತ್ರೆಯಲ್ಲ. ಅದು ಮೂತ್ರನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ನಾಳದ ಕೆಳಭಾಗದಲ್ಲಿರುವ 5 ಮಿಲಿಮೀಟರ್‌ಗಿಂತ ದೊಡ್ಡ ಕಲ್ಲಿಗೆ ಈಗಲೂ ಕೊಡುತ್ತಾರೆ.

ಬಾರ್ಲಿ ನೀರು ಕುಡಿದರೆ ನಷ್ಟವೇನು ಎಂದು ಕೇಳಬಹುದು. ಕುಡಿಯಿರಿ, ನೀರಂತೂ ಒಳಗೆ ಹೋಗುತ್ತದೆ. ಕಲ್ಲು ಮತ್ತೆ ಬಾರದಿರಲು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲು ವೈದ್ಯರೂ ಹೇಳುತ್ತಾರೆ. ನಷ್ಟ ಇರುವುದು ಬೇರೆ ಕಡೆ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡು ಮೂತ್ರ ತಡೆದಾಗ ಕಿಡ್ನಿ ಊದಿಕೊಳ್ಳುತ್ತದೆ, ನೋವು ಬರುತ್ತದೆ. ದಿನ ಕಳೆದಂತೆ ಆ ಕಿಡ್ನಿಯೊಳಗಿನ ಒತ್ತಡ ಇಳಿದು ನೋವೂ ಇಳಿಯಬಹುದು. ಕಲ್ಲು ಮಾತ್ರ ಅಲ್ಲೇ ಇರುತ್ತದೆ. ಔಷಧಿ ಕೆಲಸ ಮಾಡಿತು ಎಂದು ಸ್ಕ್ಯಾನ್ ಮಾಡಿಸದೆ ಕುಳಿತರೆ ತಿಂಗಳುಗಳಲ್ಲಿ ಆ ಕಿಡ್ನಿ ಸದ್ದಿಲ್ಲದೆ ಕೆಲಸ ನಿಲ್ಲಿಸಬಹುದು. ಇನ್ನೊಂದು ಕಿಡ್ನಿ ಸರಿಯಿದ್ದರೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಲ್ಲಿನ ಜೊತೆ ಜ್ವರ, ಚಳಿ ಬಂದರೆ, ಮೂತ್ರ ಕಟ್ಟಿದರೆ ಅಥವಾ ಇರುವುದೇ ಒಂದು ಕಿಡ್ನಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೂತ್ರಕೋಶದ ಕಲ್ಲಿನ ಕತೆ ಸ್ವಲ್ಪ ಬೇರೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಬೆಳೆದು ಮೂತ್ರ ಪೂರ್ತಿ ಹೋಗದೆ ನಿಲ್ಲುವುದರಿಂದ ಅದು ಕಟ್ಟುತ್ತದೆ. ಕಲ್ಲು ಕರಗಿಸಿದರೂ ಮೂತ್ರ ನಿಲ್ಲುವುದು ತಪ್ಪದಿದ್ದರೆ ಮತ್ತೆ ಬರುತ್ತದೆ.

ಇನ್ನು "ದೊಡ್ಡ ಆಪರೇಷನ್" ಎಂಬ ಭಯ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ದೇಹದ ಹೊರಗಿನಿಂದ ಆಘಾತ ತರಂಗ ಕಳಿಸಿ ರೋಗಿಯ ಕಲ್ಲನ್ನು ಪುಡಿ ಮಾಡಿದರು. ಈಗ ಮೂತ್ರದ ದಾರಿಯಲ್ಲೇ ಸಣ್ಣ ದೂರದರ್ಶಕದಂಥ ನಳಿಕೆ ತೂರಿಸಿ ಲೇಸರ್‌ನಿಂದ ಒಡೆಯುತ್ತಾರೆ. ತೀರಾ ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ರಂಧ್ರ ಸಾಕು. ಹೊಟ್ಟೆ ಕೊಯ್ಯುವುದು ಈಗ ಅಪರೂಪ.

ಕಲ್ಲು ತಾನಾಗಿ ಬೀಳಲಿ ಎಂದು ವೈದ್ಯರು ಕಾಯಲು ಹೇಳಿದ್ದರೆ ಮನೆಯಲ್ಲಿರುವ ಹಳೆಯ ಟೀ ಸೋಸುವ ಜಾಲರಿಯೊಂದನ್ನು ಬಚ್ಚಲಲ್ಲಿ ಇಟ್ಟುಕೊಳ್ಳಿ. ಮೂತ್ರವನ್ನು ಅದರಲ್ಲಿ ಸೋಸಿ, ಸಿಕ್ಕ ಚೂರನ್ನು ಒಣಗಿಸಿ ಲ್ಯಾಬಿಗೆ ಕೊಟ್ಟರೆ ಅದು ಯಾವ ಕಲ್ಲು ಎಂದು ಹೇಳುತ್ತಾರೆ. ಮುಂದಿನ ಕಲ್ಲಿಗೆ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಆ ವರದಿಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.