ಹುಣ್ಣು ಮಾಯಿತು, ರೋಗ ಉಳಿಯಿತು

ಬೈಲಹೊಂಗಲದಲ್ಲಿ ಓದುವ ಹುಡುಗನೊಬ್ಬನಿಗೆ ಗುಪ್ತಾಂಗದ ಮೇಲೆ ಸಣ್ಣ ಹುಣ್ಣು ಎದ್ದಿದೆ ಎಂದುಕೊಳ್ಳಿ. ಊರ ದವಾಖಾನೆಯಲ್ಲಿ ಪರಿಚಯದವರು ಕಂಡಾರೆಂದು ಅವನು ಧಾರವಾಡದ ಬಸ್ಸು ಹತ್ತುತ್ತಾನೆ. ಡಾಕ್ಟರು ವಿಚಾರಿಸಿದರೆ, ‘ಅಂಥಾದ್ದೇನೂ ಆಗಿಲ್ರಿ ಸರ್, ಬರೇ ಮೈಗೆ ಮೈ ತಾಗೇತಿ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಸಂಭೋಗ ನಡೆಯದಿದ್ದರೆ ರೋಗವೂ ಬಾರದು ಎಂಬ ಅವನ ನಂಬಿಕೆ ಅರ್ಧ ಸತ್ಯ ಮಾತ್ರ.

ಎಚ್‌ಐವಿಯ ಮಟ್ಟಿಗೆ ಆ ನಂಬಿಕೆ ಬಹುಪಾಲು ಸರಿ. ಆ ವೈರಸ್ಸು ಹರಡುವುದು ರಕ್ತ, ವೀರ್ಯ, ಯೋನಿದ್ರವ, ಎದೆಹಾಲುಗಳಿಂದ. ಅಪ್ಪಿಕೊಂಡರೆ, ಕೆನ್ನೆಗೆ ಮುತ್ತಿಟ್ಟರೆ, ಗಾಯವಿಲ್ಲದ ಚರ್ಮ ತಾಗಿದರೆ ಬರುವುದಿಲ್ಲ. ಒಂದು ಕಾಲಕ್ಕೆ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. ಹೀಗಾಗಿ ಸವದತ್ತಿ, ರಾಮದುರ್ಗದ ಹಳ್ಳಿಗಳಿಗೂ ಏಡ್ಸ್ ಮಾತು ಹೊಸದಲ್ಲ. ಉಳಿದ ರೋಗಗಳ ಮಾತು ಅಷ್ಟಾಗಿ ಕಿವಿಗೆ ಬಿದ್ದಿಲ್ಲ.

ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಇವೆಲ್ಲ ಗುಪ್ತಾಂಗದ ಚರ್ಮದ ಸ್ಪರ್ಶದಿಂದಲೂ ಅಂಟಬಲ್ಲವು. ತುಟಿಯಲ್ಲಿ ಹುಣ್ಣಿದ್ದರೆ ಮುತ್ತಿನಿಂದಲೂ ಹರ್ಪಿಸ್ ಬರುತ್ತದೆ. ಕಾಂಡೋಮ್ ಅಪಾಯ ತಗ್ಗಿಸುತ್ತದೆ. ಆದರೆ ಅದು ಮುಚ್ಚದ ಚರ್ಮಕ್ಕೆ ರಕ್ಷಣೆಯಿಲ್ಲ. ಎಚ್‌ಪಿವಿಯ ಕೆಲವು ಬಗೆಗಳು ಮುಂದೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣ. ಅದಕ್ಕೆ ಲಸಿಕೆಯಿದೆ, 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ.

ಇವುಗಳಲ್ಲಿ ಮೋಸಗಾರ ಸಿಫಿಲಿಸ್. ಸೋಂಕು ತಗುಲಿದ ಸುಮಾರು 3 ವಾರಕ್ಕೆ ನೋವಿಲ್ಲದ ಹುಣ್ಣು ಏಳುತ್ತದೆ. ಏನೂ ಮಾಡದಿದ್ದರೂ 3ರಿಂದ 6 ವಾರಗಳಲ್ಲಿ ತಾನೇ ಮಾಯುತ್ತದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಹೆಸರು ಬರೆಸಿದ ‘ಗುಪ್ತರೋಗ ತಜ್ಞ’ರ ಪುಡಿ, ಮೆಡಿಕಲ್ ಶಾಪಿನ ಮುಲಾಮು ಗೆದ್ದಂತೆ ಕಾಣುವುದು ಇಲ್ಲೇ. ಒಳಗೆ ಉಳಿದ ರೋಗ ವರ್ಷಗಳ ಮೇಲೆ ಮಿದುಳು, ಹೃದಯ, ಕಣ್ಣುಗಳನ್ನು ಹಾಳುಮಾಡಬಲ್ಲದು. ಗರ್ಭಿಣಿಯ ಕೂಸಿಗೂ ತಗಲಬಲ್ಲದು. ಆರಂಭದಲ್ಲೇ ರಕ್ತಪರೀಕ್ಷೆಯಿಂದ ಗುರುತಿಸಿದರೆ ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಗುಣವಾಗುತ್ತದೆ.

ಪಾಲಕರು ಇನ್ನೊಂದು ಮಾತು ನೆನಪಿಡಬೇಕು. ತುರಿಕೆಯೆಲ್ಲ ಕೆಟ್ಟ ನಡತೆಯ ಸಾಕ್ಷಿಯಲ್ಲ. ಕಿತ್ತೂರಿನ ಹಾಸ್ಟೆಲ್ಲಾಗಲಿ, ಬೆಳಗಾವಿಯದಾಗಲಿ, ಒಂದೇ ಚಾದರ ಹೊದ್ದು ಮಲಗಿದವರಿಗೆ ತುರಿಕಜ್ಜಿ ಬರಬಹುದು. ಬೈದರೆ ಮಕ್ಕಳು ರೋಗ ಬಚ್ಚಿಡುತ್ತಾರೆ, ಅಷ್ಟೇ.

ಹುಣ್ಣು, ಗುಳ್ಳೆ, ಸ್ರಾವ, ಉರಿಮೂತ್ರ ಕಂಡರೆ ತಾಲೂಕು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಹುಣ್ಣು ಮಾಯ್ದಿದ್ದರೂ ರಕ್ತ ತೋರಿಸಬೇಕು. ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನು ಹೇಳುತ್ತದೆ. ಮಾಹಿತಿಗೆ 1097ಕ್ಕೆ ಪುಕ್ಕಟೆಯಾಗಿ ಫೋನ್ ಮಾಡಬಹುದು. 18 ತುಂಬದವರನ್ನು ಯಾರಾದರೂ ಬಲವಂತವಾಗಿ ಮುಟ್ಟಿದ್ದರೆ ಅದು ಅಪರಾಧ, ತಪ್ಪು ಮಗುವಿನದಲ್ಲ, 1098ಕ್ಕೆ ತಿಳಿಸಬೇಕು.

ಹುಡುಗ ಧಾರವಾಡದ ಬಸ್ಸು ಹತ್ತಿದ್ದು ಊರ ಜನರಿಗೆ ಹೆದರಿ. ಮನೆಯಲ್ಲಿ ಹೇಳದೇ ಹೋದದ್ದು ಯಾರಿಗೆ ಹೆದರಿ ಎಂಬುದನ್ನು ಪ್ರತಿ ತಂದೆ ತಾಯಿ ಯೋಚಿಸಬೇಕು.